ಹಳೆಯ ಬೈಕು: ಮೊದಲು ಓದಿ, ಆಮೇಲೆ ಬಿಚ್ಚಿ

ದೂರದ ಓಡಾಟಕ್ಕೆಂದು ಹಳೆಯ ಬುಲೆಟ್ಟನ್ನೋ ಯೆಜ್ಡಿಯನ್ನೋ ಕೊಂಡವರು ಮೊದಲ ವಾರದಲ್ಲೇ ದಾರಿ ತಪ್ಪುವುದು ಸಾಮಾನ್ಯ. ಕೆಲವರು ಗಾಡಿಯನ್ನು ನೇರವಾಗಿ ಗ್ಯಾರೇಜಿಗೆ ಒಯ್ದು ಎಂಜಿನ್ ಬಿಚ್ಚಿಸುತ್ತಾರೆ, ಬಣ್ಣ ಹೊಡೆಸುತ್ತಾರೆ, ಸೀಟು, ಹ್ಯಾಂಡಲ್, ಸೈಲೆನ್ಸರ್ ಎಲ್ಲವನ್ನೂ ಬದಲಿಸುತ್ತಾರೆ. ಇನ್ನು ಕೆಲವರು ಟ್ಯಾಂಕು ತುಂಬಿಸಿಕೊಂಡು ಮರುದಿನವೇ ಗೋವಾದ ಹಾದಿ ಹಿಡಿಯುತ್ತಾರೆ. ಮೊದಲನೆಯವರು ಇನ್ನೂ ಪರಿಚಯವಾಗದ ಗಾಡಿಯನ್ನು ತಿದ್ದಲು ಹೊರಟವರು, ಎರಡನೆಯವರು ಪರಿಚಯವಾಗದ ಗಾಡಿಯನ್ನು ನಂಬಿ ಹೊರಟವರು. ಈ ಎರಡಕ್ಕೂ ಮುಂಚೆ ಆಗಬೇಕಾದ ಕೆಲಸವೊಂದಿದೆ. ಜೀವಕ್ಕೆ ಅಪಾಯ ತರುವ ದೋಷಗಳನ್ನಷ್ಟೇ ಕೂಡಲೇ ಸರಿಪಡಿಸಿ, ಉಳಿದದ್ದನ್ನು ಇದ್ದಂತೆಯೇ ಇಟ್ಟುಕೊಂಡು, ಮೊದಲ ಸಾವಿರ ಕಿಲೋಮೀಟರನ್ನು ಊರ ಸುತ್ತಲಿನ ರಸ್ತೆಗಳಲ್ಲೇ ಓಡಿಸಿ, ಕಂಡದ್ದನ್ನು ಬರೆದಿಡುವುದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಜೋಡಿಸುವ ರಸ್ತೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಗದಗ ಮುದ್ರಣಾಲಯಗಳಿಗೆ ಹೆಸರಾದ ಊರು. ಅಲ್ಲಿ ಕರಡು ತಿದ್ದುವವರು ಪುಟವನ್ನು ಓದದೆ ಪೆನ್ನು ಎತ್ತುವುದಿಲ್ಲ. ಹಳೆಯ ಗಾಡಿಯ ವಿಷಯದಲ್ಲೂ ಆ ಶಿಸ್ತು ಬೇಕು ಎಂಬುದೇ ನನ್ನ ವಾದ.

ನಮ್ಮ ಭಾಗದಲ್ಲಿ ಹಳೆಯ ದೂರದೋಟದ ಬೈಕು ಎಂದರೆ ಮುಖ್ಯವಾಗಿ ಎರಡು ಬಗೆ. ಒಂದು ನಮ್ಮ ರಾಜ್ಯದ್ದೇ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜಾವಾ ಬೈಕುಗಳನ್ನೂ, 1973ರ ಹೊತ್ತಿಗೆ ಯೆಜ್ಡಿ ಹೆಸರಿನವನ್ನೂ ತಯಾರಿಸಿತು. ಉದ್ದ ಪ್ರಯಾಣದವರು ಮೆಚ್ಚಿದ ರೋಡ್‌ಕಿಂಗ್ 1978ರಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಅತ್ಯಂತ ಕಿರಿಯ ರೋಡ್‌ಕಿಂಗ್‌ಗೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಇನ್ನೊಂದು ಮದ್ರಾಸಿನ ಬುಲೆಟ್ 350, ಅದರಲ್ಲೂ ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಎಂಜಿನ್. ಯೆಜ್ಡಿಯದು ಟೂ ಸ್ಟ್ರೋಕ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಪೆಟ್ರೋಲಿನಲ್ಲೇ ಬೆರೆಯುವ ಆಯಿಲ್, ಮೇಲಕ್ಕೆ ತಿರುಗಿಸಿದರೆ ಕಿಕ್ ಆಗುವ ಎಡಗಡೆಯ ಗೇರ್ ಲಿವರ್. ಬುಲೆಟ್ಟಿನದು ಫೋರ್ ಸ್ಟ್ರೋಕ್. 70 ಮಿಲಿಮೀಟರ್ ಬೋರು, 90 ಮಿಲಿಮೀಟರ್ ಸ್ಟ್ರೋಕಿನ 346 ಸಿಸಿ ಎಂಜಿನ್, ಹಳೆಯ ಮಾದರಿಗಳಲ್ಲಿ ಬಲಗಡೆ ಗೇರು, ಹೆಡ್‌ಲೈಟಿನ ಮೇಲೆ ಆಂಪಿಯರ್ ಮೀಟರ್. ಎರಡರ ಮೈಕಟ್ಟೂ ಬೇರೆ, ಸ್ವಭಾವವೂ ಬೇರೆ. ಆದರೆ ಎರಡಕ್ಕೂ ಅನ್ವಯಿಸುವ ಮಾತೊಂದಿದೆ. ಕಾರ್ಖಾನೆಯಿಂದ ಒಂದೇ ಥರ ಹೊರಬಿದ್ದ ಎರಡು ಗಾಡಿಗಳು ಮೂವತ್ತು ವರ್ಷ ಬೇರೆ ಬೇರೆ ಕೈಗಳಲ್ಲಿ ಓಡಿದ ಮೇಲೆ ಒಂದೇ ಥರ ಇರುವುದಿಲ್ಲ. ಒಂದರಲ್ಲಿ ಬೇರೆ ಕಂಪನಿಯ ಕಾರ್ಬುರೇಟರ್ ಇರಬಹುದು, ಇನ್ನೊಂದರಲ್ಲಿ ಎರಡು ಸಲ ಬೋರ್ ಮಾಡಿಸಿದ ಸಿಲಿಂಡರ್ ಇರಬಹುದು. ಕಂಪನಿಯ ಕೈಪಿಡಿ ಆ ಮಾದರಿಯ ಬಗ್ಗೆ ಹೇಳುತ್ತದೆ. ನಿಮ್ಮ ಅಂಗಳದಲ್ಲಿ ನಿಂತಿರುವ ಗಾಡಿಯ ಬಗ್ಗೆ ಹೇಳುವುದು ಆ ಗಾಡಿ ಮಾತ್ರ.

ಓದು ಶುರುವಾಗಬೇಕಾದದ್ದು ಕಾಗದಪತ್ರಗಳಿಂದ. ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಕಣ್ಣಾರೆ ಓದಿ ಆರ್‌ಸಿಯೊಂದಿಗೆ ತಾಳೆ ನೋಡಬೇಕು. ಹಳೆಯ ಗಾಡಿಗಳಲ್ಲಿ ಎಂಜಿನ್ ಬದಲಾಗಿರುವುದು ಅಪರೂಪವಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೈಕಿನ ನೋಂದಣಿಗೆ 15 ವರ್ಷದ ಆಯುಸ್ಸು, ಅದಾದ ಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಣ. ಮಾರಿದವರು ರಾಜ್ಯದೊಳಗಾದರೆ 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನಮೂನೆ 29 ಮತ್ತು 30 ಇದಕ್ಕಾಗಿಯೇ ಇವೆ. ಬೇರೆ ಕಡೆಯ ಗಾಡಿಯನ್ನು ಕೆಎ 26ರ ಗದಗಿಗೆ ತರುವವರು ಎನ್‌ಒಸಿ ಬೇಕೇ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಿಕೊಳ್ಳಬೇಕು. ವಿಮೆಯೂ ಹೊಸ ಒಡೆಯನ ಹೆಸರಿಗೆ ಬರಬೇಕು. ಇವು ಬರೀ ಕಚೇರಿ ಕೆಲಸವಲ್ಲ. ಎಷ್ಟು ಕೈ ಬದಲಾಗಿದೆ, ಎಷ್ಟು ವರ್ಷ ನವೀಕರಣವಿಲ್ಲದೆ ಬಿದ್ದಿತ್ತು ಎಂಬುದು ಈ ಹಾಳೆಗಳಲ್ಲೇ ಸಿಗುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯ ರೋಗಗಳೇ ಬೇರೆ, ದಿನಾ ಓಡಿದ ಗಾಡಿಯ ರೋಗಗಳೇ ಬೇರೆ. ಹಿಂದಿನ ಒಡೆಯರನ್ನು ಕೇಳುವುದಕ್ಕೂ ಸಂಕೋಚ ಬೇಡ. ಕೊನೆಯ ಸಲ ಎಂಜಿನ್ ಯಾವಾಗ ಬಿಚ್ಚಿದ್ದು, ಯಾವ ಆಯಿಲ್ ಹಾಕುತ್ತಿದ್ದಿರಿ, ಬೇಸಿಗೆಯಲ್ಲಿ ಯಾವಾಗಲಾದರೂ ಕೈಕೊಟ್ಟಿತ್ತೇ ಎಂಬ ಮೂರು ಪ್ರಶ್ನೆಗೆ ಸಿಗುವ ಉತ್ತರ ಎಷ್ಟೋ ದಿನದ ಹುಡುಕಾಟ ಉಳಿಸುತ್ತದೆ.

ಕಿಲೋಮೀಟರ್ ಮೀಟರನ್ನು ಮಾತ್ರ ಸಾಕ್ಷಿಯಾಗಿ ನಂಬಬಾರದು. ಹಳೆಯ ಗಾಡಿಗಳಲ್ಲಿ ಅದರ ಕೇಬಲ್ ತುಂಡಾಗಿ ವರ್ಷಗಳೇ ಕಳೆದಿರಬಹುದು. ಸವೆತವನ್ನು ಓದುವುದೇ ಮೇಲು. ಫುಟ್‌ರೆಸ್ಟಿನ ರಬ್ಬರ್, ಗೇರ್ ಲಿವರಿನ ತುದಿ, ಸ್ಟ್ಯಾಂಡಿನ ಕಾಲು, ಸ್ಪ್ರಾಕೆಟಿನ ಹಲ್ಲು, ಇವು ನಡೆದ ದೂರವನ್ನು ಬಚ್ಚಿಡುವುದಿಲ್ಲ. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳೂ ಒಂದು ದಾಖಲೆಯೇ. 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ಗೆರೆಗಳು ಎಷ್ಟೇ ಆಳವಾಗಿದ್ದರೂ ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಇಲ್ಲೇ ನನ್ನ ವಾದಕ್ಕೊಂದು ಗಡಿ ಹಾಕಬೇಕು. ಟೈರು, ಬ್ರೇಕ್ ಶೂ, ಬ್ರೇಕ್ ಕೇಬಲ್, ಚೈನು, ಹ್ಯಾಂಡಲಿನ ಬೇರಿಂಗ್, ಹಿಂದಿನ ಚಕ್ರ ಹಿಡಿದ ತೋಳಿನ ಬುಷ್, ದೀಪಗಳು, ಇವಿಷ್ಟಕ್ಕೆ ಸಾವಿರ ಕಿಲೋಮೀಟರಿನ ಸಹನೆ ಸಲ್ಲದು. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದಾಗ ನಡುವಿನಲ್ಲಿ ಎಲ್ಲೋ ಕಚ್ಚಿದಂತಾದರೆ ಬೇರಿಂಗ್ ಹೋಗಿದೆ ಎಂದರ್ಥ. ಹಿಂದಿನ ಚಕ್ರವನ್ನು ಹಿಡಿದು ಅಡ್ಡಡ್ಡ ಅಲುಗಿಸಿದಾಗ ಆಟ ಸಿಕ್ಕರೆ ಅದು ಚಕ್ರದ ಬೇರಿಂಗೋ ತೋಳಿನ ಬುಷ್ಷೋ ಎಂದು ನೋಡಿ ಸರಿಮಾಡಿಸಬೇಕು. ಇವು ಮುಗಿದ ಮೇಲೆಯೇ ರಸ್ತೆಯ ಮಾತು.

ಇನ್ನು ಎಂಜಿನ್. ಇದನ್ನು ಯಾಕೆ ಕೂಡಲೇ ಬಿಚ್ಚಬಾರದು ಎಂಬುದಕ್ಕೆ ಬುಲೆಟ್ಟಿನ ಆಯಿಲ್ಲೇ ಒಳ್ಳೆಯ ಸಾಕ್ಷಿ. ಈ ಎಂಜಿನ್ನಿನಲ್ಲಿ ಆಯಿಲ್‌ಗೆ ಪ್ರತ್ಯೇಕ ಕೋಣೆ ಇದೆ. ಓಡುವಾಗ ಪಂಪು ಅಲ್ಲಿಂದ ಆಯಿಲ್ ಎತ್ತಿ ಎಂಜಿನ್ನಿಗೆ ಕೊಟ್ಟು ಮತ್ತೆ ಅಲ್ಲಿಗೇ ತರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಆಯಿಲ್ ಮೆಲ್ಲಗೆ ಪಂಪಿನ ಸಂದಿಯಲ್ಲಿ ಜಿನುಗಿ ಕ್ರ್ಯಾಂಕಿನ ಕಡೆಗೆ ಇಳಿಯುತ್ತದೆ. ಆಗ ಆಯಿಲ್ ಕಡ್ಡಿ ತೆಗೆದು ನೋಡಿದರೆ ಮಟ್ಟ ಕಡಿಮೆ ಕಾಣುತ್ತದೆ, ಸ್ಟಾರ್ಟ್ ಮಾಡಿದರೆ ಹೊಗೆ ಬರುತ್ತದೆ. ಗೊತ್ತಿಲ್ಲದವರು ಆಯಿಲ್ ಸುರಿಯುತ್ತಾರೆ. ಎಂಜಿನ್ ಬಿಸಿಯಾಗಿ ಇಳಿದ ಆಯಿಲ್ ಮರಳಿ ಬಂದಾಗ ಅದು ಹೆಚ್ಚಾಗಿ ಬ್ರೀದರ್ ಪೈಪಿನಿಂದ ಉಗುಳುತ್ತದೆ. ಮುಂದಿನ ನಿರ್ಣಯ, ಪಿಸ್ಟನ್ ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು ಎಂಬುದು. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಕೆಲ ನಿಮಿಷ ಬಿಟ್ಟು ಅಳೆದಿದ್ದರೆ ಈ ಸರಪಳಿ ಶುರುವೇ ಆಗುತ್ತಿರಲಿಲ್ಲ. ಬೋರ್ ಮಾಡಿಸುವುದು ಸಣ್ಣ ಮಾತಲ್ಲ. ಒಂದು ಸಿಲಿಂಡರನ್ನು ಕೆಲವೇ ಸಲ ಕೊರೆಯಬಹುದು. ಪ್ರತಿ ಸಲವೂ ದೊಡ್ಡ ಅಳತೆಯ ಪಿಸ್ಟನ್ ಬೇಕು, ಕೊನೆಯ ಅಳತೆ ಮುಗಿದ ಮೇಲೆ ಹೊಸ ಸ್ಲೀವ್ ಹಾಕಿಸಬೇಕು. ಕಾರಣವಿಲ್ಲದೆ ಕೊರೆದರೆ ಗಾಡಿಯ ಆಯುಸ್ಸಿನ ಒಂದು ಪಾಲನ್ನು ಸುಮ್ಮನೆ ಕಳೆದಂತೆ.

ಯೆಜ್ಡಿಯ ಹೊಗೆಯೂ ಹೀಗೆಯೇ ಸಾವಧಾನದ ಓದು ಬೇಡುತ್ತದೆ. ಆ ಹೊಗೆಗೆ ಕನಿಷ್ಠ ನಾಲ್ಕು ಕಾರಣ ಇರಬಹುದು: ಆಯಿಲ್ ಪ್ರಮಾಣ ಹೆಚ್ಚಾಗಿರುವುದು, ಸೈಲೆನ್ಸರಿನಲ್ಲಿ ಕಟ್ಟಿಕೊಂಡ ಹಳೆಯ ಮಸಿ ಉರಿಯುತ್ತಿರುವುದು, ಚೋಕ್ ಪೂರ್ತಿ ಮರಳದಿರುವುದು, ಇಲ್ಲವೇ ಕ್ರ್ಯಾಂಕಿನ ಕ್ಲಚ್ ಬದಿಯ ಆಯಿಲ್ ಸೀಲ್ ಹೋಗಿ ಗೇರ್ ಬಾಕ್ಸಿನ ಆಯಿಲನ್ನು ಎಂಜಿನ್ ಹೀರುತ್ತಿರುವುದು. ಮೊದಲ ಮೂರಕ್ಕೆ ಎಂಜಿನ್ ಬಿಚ್ಚುವ ಅಗತ್ಯವೇ ಇಲ್ಲ. ಆಯಿಲನ್ನು ಕೈಪಿಡಿ ಹೇಳಿದ ಪ್ರಮಾಣದಲ್ಲಿ ಅಳೆದು, ಪೆಟ್ರೋಲಿನಲ್ಲಿ ಚೆನ್ನಾಗಿ ಕಲಸಿ ಹಾಕಿ, ಒಂದು ಉದ್ದ ಓಟ ಮುಗಿಸಿದರೆ ಎರಡು ಕಾರಣಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ನಾಲ್ಕನೆಯದು ನಿಜವಾಗಿದ್ದರೆ ಕೆಲವು ನೂರು ಕಿಲೋಮೀಟರಿನಲ್ಲಿ ಗೇರ್ ಆಯಿಲಿನ ಮಟ್ಟ ಇಳಿದು ತಾನೇ ಸಾಕ್ಷಿ ಹೇಳುತ್ತದೆ. ಇನ್ನೊಂದು ಬದಿಯ ಸೀಲ್ ಹೋದರೆ ಹೊಗೆ ಬರುವುದಿಲ್ಲ. ಅದರ ಬದಲು ಎಂಜಿನ್ ಹೊರಗಿನ ಗಾಳಿ ಹೀರಿ, ಬಿಸಿಯಾದಾಗ ಆಕ್ಸಿಲರೇಟರ್ ಬಿಟ್ಟರೂ ಏರುದನಿಯಲ್ಲೇ ಓಡುತ್ತದೆ. ಇದು ಹೆಚ್ಚು ಅಪಾಯದ ಲಕ್ಷಣ. ಮಿಶ್ರಣ ತೆಳುವಾಗಿ ಪಿಸ್ಟನ್ ಕಾದು ಕಚ್ಚಿಕೊಳ್ಳಬಹುದು. ಗ್ಯಾರೇಜಿನ ಮುಂದೆ ನಿಂತು ಐದು ನಿಮಿಷ ಆಕ್ಸಿಲರೇಟರ್ ತಿರುವಿದರೆ ಈ ಯಾವ ವ್ಯತ್ಯಾಸವೂ ತಿಳಿಯದು. ಇವು ಗೊತ್ತಾಗುವುದು ದೂರ, ಬಿಸಿ, ಭಾರ ಮೂರೂ ಸೇರಿದಾಗ.

ಆ ಮೂರೂ ಸಿಗುವ ರಸ್ತೆಯನ್ನು ದೂರ ಹುಡುಕಬೇಕಿಲ್ಲ. ಗದಗಿನಿಂದ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಅಲ್ಲಿಂದ ಕಪ್ಪತಗುಡ್ಡದ ಸೆರಗು ಹಿಡಿದು ಮುಂಡರಗಿ, ಮರಳುವಾಗ ಡಂಬಳ. ಈ ಸುತ್ತು ನೂರು ಕಿಲೋಮೀಟರ್ ದಾಟುತ್ತದೆ, ಆದರೂ ಗಾಡಿ ಕೆಟ್ಟರೆ ಟೆಂಪೋದಲ್ಲಿ ಮನೆಗೆ ತರುವಷ್ಟು ಹತ್ತಿರದಲ್ಲೇ ಇರುತ್ತದೆ. ಎರೆ ಹೊಲಗಳ ನಡುವಿನ ಸಮತಟ್ಟಾದ ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿದರೆ ಎಂಜಿನ್ನಿನ ಬಿಸಿ, ಹ್ಯಾಂಡಲಿನ ನಡುಕ, ಚೈನಿನ ಸದ್ದು ತಿಳಿಯುತ್ತವೆ. ಬುಲೆಟ್ಟಿನಲ್ಲಿ ಹೆಡ್‌ಲೈಟ್ ಹಚ್ಚಿ ಓಡುವಾಗ ಆಂಪಿಯರ್ ಮುಳ್ಳು ನಡುವಿನಲ್ಲಿ ನಿಲ್ಲುತ್ತದೋ ಎಡಕ್ಕೆ ಜಾರುತ್ತದೋ ಎಂಬುದು ರಾತ್ರಿ ಪ್ರಯಾಣಕ್ಕೆ ಆ ಗಾಡಿ ಯೋಗ್ಯವೇ ಎಂದು ಹೇಳಿಬಿಡುತ್ತದೆ. ಗುಡ್ಡದ ಬದಿಯ ಏರಿಳಿತದಲ್ಲಿ ಕ್ಲಚ್ ಜಾರುವಿಕೆ, ಗೇರ್ ಹಾರುವಿಕೆ, ಬ್ರೇಕಿನ ಶಕ್ತಿ ಪರೀಕ್ಷೆಗೆ ಬರುತ್ತವೆ. ಯೆಜ್ಡಿಯವರು ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬಹಳ ಹೊತ್ತು ಇಳಿಯಬಾರದೆಂಬುದನ್ನೂ ಇಲ್ಲೇ ರೂಢಿಸಿಕೊಳ್ಳಬೇಕು. ಪೆಟ್ರೋಲ್ ನಿಂತರೆ ಅದರ ಜೊತೆ ಹೋಗುವ ಆಯಿಲೂ ನಿಲ್ಲುತ್ತದೆ.

ಈ ಸುತ್ತಿಗೆ ಇನ್ನೊಂದು ಗುಣವಿದೆ, ಅದು ಗಾಳಿಯದು. ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಈ ಸೀಮೆಯ ಗಾಳಿ ಎಂಥದೆಂದು ದೂರದಿಂದಲೇ ತೋರಿಸುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ಅದು ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ಲಕ್ಷ್ಮೇಶ್ವರ ಇರುವುದು ಗದಗಿಗೆ ನೈರುತ್ಯದಲ್ಲಿ. ಬೈಕಿಗೆ ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ 20 ಕಿಲೋಮೀಟರ್ ವೇಗದ ಎದುರುಗಾಳಿ ಇದ್ದರೆ ತಡೆ ಮುಕ್ಕಾಲು ಪಾಲು ಹೆಚ್ಚುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಜುಲೈನಲ್ಲಿ ಲಕ್ಷ್ಮೇಶ್ವರಕ್ಕೆ ಹೋಗುವಾಗ ಎಂಜಿನ್ ಏದುಸಿರು ಬಿಡುತ್ತದೆ, ಮೈಲೇಜ್ ಬಿದ್ದಿದೆ ಎಂದು ಜೆಟ್ ಬದಲಿಸಿದವರು ಗಾಳಿಯ ತಪ್ಪನ್ನು ಕಾರ್ಬುರೇಟರಿನ ಮೇಲೆ ಹೊರಿಸುತ್ತಾರೆ. ಟ್ಯಾಂಕನ್ನು ಬಾಯಿತನಕ ತುಂಬಿಸಿ, ಹೊರಟಲ್ಲಿಗೇ ಮರಳಿ ಬರುವ ಪೂರ್ತಿ ಸುತ್ತು ಮುಗಿಸಿ, ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ಮತ್ತೆ ತುಂಬಿಸಿದಾಗ ಬರುವ ಲೆಕ್ಕವೇ ಸರಿಯಾದ ಲೆಕ್ಕ. ಒಂದು ಸುತ್ತಿನ ಲೆಕ್ಕವೂ ಸಾಲದು, ಕೆಲವು ಸುತ್ತುಗಳದ್ದು ಒಂದಕ್ಕೊಂದು ಹೊಂದಬೇಕು.

ನೆಲ ಮತ್ತು ಇಂಧನದ ಮಾತೂ ಇದೆ. ಎರೆ ಮಣ್ಣು ಬೇಸಿಗೆಯಲ್ಲಿ ನುಣ್ಣನೆಯ ಧೂಳಾಗಿ ಏರ್ ಫಿಲ್ಟರ್ ಸೇರುತ್ತದೆ, ಮಳೆಗಾಲದಲ್ಲಿ ಅಂಟಾಗಿ ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಕಟ್ಟಿಕೊಂಡು ಚಕ್ರವನ್ನೇ ಹಿಡಿಯುತ್ತದೆ. ಹೆಚ್ಚು ಗಾಳಿ ಎಳೆಯಲಿ ಎಂದು ಫಿಲ್ಟರ್ ಡಬ್ಬಿ ಕಿತ್ತುಹಾಕಿದ ಹಳೆಯ ಗಾಡಿಗಳು ಎಷ್ಟೋ ಇವೆ. ಈ ಸೀಮೆಯಲ್ಲಿ ಹಾಗೆ ಮಾಡಿದರೆ ಧೂಳೇ ಉಜ್ಜುವ ಪುಡಿಯಾಗಿ ಸಿಲಿಂಡರನ್ನು ತಿನ್ನುತ್ತದೆ. ಆದ್ದರಿಂದ ಮೂಲದ ಫಿಲ್ಟರ್ ವ್ಯವಸ್ಥೆಯನ್ನು ಮರಳಿ ಕೂಡಿಸುವುದು ಮೊದಲ ಕೆಲಸಗಳಲ್ಲೊಂದು. ಇನ್ನು ಪೆಟ್ರೋಲು. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಇಂಧನ. ಹಳೆಯ ಬುಲೆಟ್, ಯೆಜ್ಡಿಗಳು ತಯಾರಾದ ಕಾಲದಲ್ಲಿ ಇದರ ಕಲ್ಪನೆಯೂ ಇರಲಿಲ್ಲ. ಎಥೆನಾಲ್ ಹಳೆಯ ರಬ್ಬರ್ ಪೈಪು, ಟ್ಯಾಂಕ್ ಕಾಕಿನ ವಾಷರು, ಕಾರ್ಬುರೇಟರಿನ ಸೀಲುಗಳನ್ನು ಮೆತ್ತಗಾಗಿಸಬಹುದು. ಗಾಳಿಯ ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರು ಕೂಡಿಸಬಹುದು. ಅದಕ್ಕೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಪೈಪುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸುವುದು, ಗಾಡಿ ನಿಲ್ಲಿಸುವ ಮುನ್ನ ಕಾಕ್ ಮುಚ್ಚುವುದು, ತಿಂಗಳುಗಟ್ಟಲೆ ಹಳೆಯ ಪೆಟ್ರೋಲ್ ಬಿಡದಿರುವುದು, ಪ್ಲಗ್ಗಿನ ಬಣ್ಣ ನೋಡುತ್ತಿರುವುದು, ಇವು ಈ ಕಾಲ ಬೇಡುವ ಎಚ್ಚರಗಳು. ಪ್ಲಗ್ಗಿನ ತುದಿ ತಿಳಿಗಂದು ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ ಎಂಜಿನ್ ಹೆಚ್ಚು ಕಾಯುತ್ತಿದೆ, ಕಪ್ಪಾಗಿದ್ದರೆ ಇಂಧನವೋ ಆಯಿಲೋ ಹೆಚ್ಚಾಗಿದೆ.

ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ದಿನಾಂಕ, ಮೀಟರ್ ಅಂಕಿ, ಪೆಟ್ರೋಲು, ಆಯಿಲ್ ಮಟ್ಟ, ಚೈನ್ ಬಿಗಿತ, ಕೇಳಿದ ಹೊಸ ಸದ್ದು, ಮಾಡಿದ ಕೆಲಸ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಈ ಪುಸ್ತಕದ ನಿಯಮ. ಪಾಯಿಂಟ್, ಪ್ಲಗ್, ಜೆಟ್ ಮೂರನ್ನೂ ಒಂದೇ ಮಧ್ಯಾಹ್ನ ಬದಲಿಸಿ ಗಾಡಿ ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ಕೆಟ್ಟರಂತೂ ಎಲ್ಲಿಂದ ಹುಡುಕಬೇಕೆಂದೇ ತಿಳಿಯದು.

ಇದಕ್ಕೆ ಬರುವ ಮೊದಲ ಆಕ್ಷೇಪ, ಮೆಕ್ಯಾನಿಕ್ ಇರುವಾಗ ಒಡೆಯನಿಗೇಕೆ ಈ ತಲೆನೋವು ಎಂಬುದು. ಮೆಕ್ಯಾನಿಕ್ಕಿನ ಜ್ಞಾನವನ್ನು ನಾನು ಕಡೆಗಣಿಸುತ್ತಿಲ್ಲ. ಪಾಯಿಂಟಿನ ಸಂದಿಯನ್ನು ಕಣ್ಣಳತೆಯಲ್ಲೇ ಹಿಡಿಯುವ, ಸದ್ದಿನಿಂದಲೇ ಬೇರಿಂಗ್ ಗುರುತಿಸುವ ಹಿರಿಯರ ಕೈಗುಣಕ್ಕೆ ಯಾವ ಪುಸ್ತಕವೂ ಸಾಟಿಯಲ್ಲ. ಆದರೆ ಅವರು ಗಾಡಿಯನ್ನು ನೋಡುವುದು ನಿಂತಾಗ, ಒಂದು ತಾಸು. ಒಡೆಯ ನೋಡುವುದು ಓಡುವಾಗ, ದಿನಗಟ್ಟಲೆ. ಬಿಸಿಯಾಗಿ ಮೂವತ್ತು ಕಿಲೋಮೀಟರ್ ಆದ ಮೇಲೆ, ಮೂರನೇ ಗೇರಿನಲ್ಲಿ, ಏರಿನಲ್ಲಿ ಮಾತ್ರ ಬರುವ ಸದ್ದನ್ನು ಕೇಳಿದವನು ಒಡೆಯನೇ. ಅದನ್ನು ಸರಿಯಾಗಿ ಹೇಳಿದರೆ ಮೆಕ್ಯಾನಿಕ್ಕಿನ ಅರ್ಧ ಕೆಲಸ ಮುಗಿದಂತೆ. ಏನೋ ಸರಿ ಇಲ್ಲ ನೋಡ್ರಿ ಎಂದಷ್ಟೇ ಹೇಳಿದರೆ ಅವರಿಗೂ ಬಿಚ್ಚುವುದರ ಹೊರತು ದಾರಿ ಉಳಿಯುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹೇಗೂ ಹಳೆಯ ಗಾಡಿ, ಒಂದೇ ಸಲ ಎಲ್ಲ ಬಿಚ್ಚಿ ಹೊಸದು ಹಾಕಿಸಿದರೆ ನಿಶ್ಚಿಂತೆಯಲ್ಲವೇ? ವರ್ಷಗಟ್ಟಲೆ ನಿಂತು ಎಂಜಿನ್ ಕಚ್ಚಿಕೊಂಡ ಗಾಡಿಗೆ, ಕಿಕ್ ಹೊಡೆದರೆ ಕಂಪ್ರೆಷನ್ನೇ ಇಲ್ಲದ ಗಾಡಿಗೆ ಈ ಮಾತು ಒಪ್ಪುತ್ತದೆ. ಓಡುವ ಗಾಡಿಗೆ ಒಪ್ಪುವುದಿಲ್ಲ. ಮೈಸೂರಿನ ಕಾರ್ಖಾನೆ ಮುಚ್ಚಿ ದಶಕಗಳಾಗಿವೆ. ಯೆಜ್ಡಿಗೆ ಈಗ ಸಿಗುವ ಹೊಸ ಬಿಡಿಭಾಗಗಳು ಬೇರೆಯವರು ಮಾಡಿದವು, ಅವುಗಳ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ದಶಕಗಳ ಓಟದಲ್ಲಿ ಒಂದಕ್ಕೊಂದು ಹೊಂದಿಕೊಂಡ ಒಳ್ಳೆಯ ಮೂಲ ಗೇರನ್ನು ತೆಗೆದು ಮೃದು ಲೋಹದ ಹೊಸದನ್ನು ಹಾಕಿಸಿದರೆ ಹಣ ಕೊಟ್ಟು ನಷ್ಟ ಕೊಂಡಂತಾಗುತ್ತದೆ. ಅಂದಕ್ಕಾಗಿ ಮಾಡುವ ಬದಲಾವಣೆಗೆ ಕಾನೂನಿನ ತಡೆಯೂ ಇದೆ. ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಅಬ್ಬರದ ಸೈಲೆನ್ಸರ್ ಇದರ ಮೊದಲ ಉದಾಹರಣೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಮಾಗಡಿ ಕೆರೆಯ ಬಳಿ, 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ಮಗ್ಗುಲಲ್ಲಿ ಅಂಥ ಸದ್ದು ಮಾಡುತ್ತ ಹೋಗುವುದು ಈ ಸೀಮೆಗೆ ಮಾಡುವ ಅನ್ಯಾಯ.

ಮೂರನೆಯದು, ಹೊಸ ಬೈಕೇ ಮೇಲಲ್ಲವೇ ಎಂಬ ಪ್ರಶ್ನೆ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಎಂಜಿನ್ನಿನೊಂದಿಗೆ ಮಾರುಕಟ್ಟೆಗೆ ಮರಳಿವೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರಿಂದ ಎಬಿಎಸ್ ಕಡ್ಡಾಯ. ದಿನಾ ಹುಬ್ಬಳ್ಳಿಗೆ ನೌಕರಿಗೆ ಹೋಗಿಬರುವವರಿಗೆ ಹೊಸದೇ ಸರಿ ಎಂದು ನಾನೂ ಹೇಳುತ್ತೇನೆ. ಡ್ರಮ್ ಬ್ರೇಕಿನ ಹಳೆಯ ಗಾಡಿ ಹೆದ್ದಾರಿಯ ಇಂದಿನ ವೇಗಕ್ಕೆ ಮಾಡಿದ್ದಲ್ಲ. ಟೂ ಸ್ಟ್ರೋಕ್ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಇಂಧನವನ್ನು ಉರಿಸದೆ ಹೊರಗೆ ಬಿಡುತ್ತದೆ. ಆದ್ದರಿಂದ ಹಳೆಯ ಗಾಡಿ ಇಟ್ಟುಕೊಂಡವರು ಹೊಗೆ ತಪಾಸಣೆ ತಪ್ಪಿಸದೆ, ಮಾರುಕಟ್ಟೆಯ ದಿನನಿತ್ಯದ ತಿರುಗಾಟಕ್ಕೆ ಅದನ್ನು ಬಳಸದೆ, ಅದರ ಬ್ರೇಕಿಗೆ ತಕ್ಕ ವೇಗದಲ್ಲಿ ಪ್ರಯಾಣಕ್ಕಷ್ಟೇ ಒಯ್ಯುವುದು ನ್ಯಾಯ. ಆದರೆ ಇರುವ ಗಾಡಿಯನ್ನು ಗುಜರಿಗೆ ಹಾಕದೆ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದಕ್ಕೂ ಬೆಲೆ ಇದೆ. ಬಿಚ್ಚಿ ಜೋಡಿಸಲು ಬರುವಂತೆ, ಕೈಗೆ ಅರ್ಥವಾಗುವಂತೆ ಮಾಡಿದ ಯಂತ್ರಗಳು ಇವು. ನಮ್ಮ ರಾಜ್ಯದ ಕಾರ್ಮಿಕರ ಕೈಯಲ್ಲಿ ತಯಾರಾದ ಯೆಜ್ಡಿಯ ಮಟ್ಟಿಗೆ ಆ ಬೆಲೆ ಇನ್ನೂ ಒಂದು ತೂಕ ಹೆಚ್ಚು.

ಹಾಗಾಗಿ ಹಳೆಯ ಗಾಡಿ ಕೊಂಡ ಪ್ರತಿಯೊಬ್ಬರಲ್ಲೂ ನನ್ನ ಕೋರಿಕೆ ಇದು. ಕಾಗದಗಳನ್ನು ಈ ವಾರವೇ ನಿಮ್ಮ ಹೆಸರಿಗೆ ಮಾಡಿಸಿ. ಬ್ರೇಕು, ಟೈರು, ಚೈನು, ದೀಪಗಳನ್ನು ಓಡಿಸುವ ಮೊದಲೇ ಸರಿಪಡಿಸಿ. ಹೆಲ್ಮೆಟ್ ಹಾಕಿಕೊಂಡು, ಹಗಲು ಹೊತ್ತಿನಲ್ಲಿ, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸುತ್ತನ್ನು ಸಾವಿರ ಕಿಲೋಮೀಟರ್ ಆಗುವ ತನಕ ಓಡಿಸಿ, ಪ್ರತಿ ಸಲವೂ ಬರೆದಿಡಿ. ಅದಾದ ಮೇಲೆ ಆ ಪುಸ್ತಕವನ್ನು ಹಿಡಿದುಕೊಂಡು ಮೆಕ್ಯಾನಿಕ್ಕಿನ ಹತ್ತಿರ ಹೋಗಿ, ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಿ. ಗೋವಾ, ಹಂಪಿ ಎಲ್ಲಿಗೂ ಹೋಗುವುದಿಲ್ಲ. ಗಾಡಿಯನ್ನು ಅರಿತ ಮೇಲೆ ಹೊರಟವರಿಗೆ ಆ ದಾರಿಗಳು ಹೆಚ್ಚು ಸುರಕ್ಷಿತವಾಗಿರುತ್ತವೆ.